ಹಸಿ ಹುಲ್ಲಿನ ಬೆಂಕಿ

ಹಸಿ ಹುಲ್ಲಿಗೆ ಬೆಂಕಿ ಹತ್ತುವುದಿಲ್ಲ ಎಂದು ನನ್ನ ದೊಡ್ಡಪ್ಪ ಊರ ಚಾವಡಿಯಲ್ಲಿ ಕೂತು ಗಂಟಲು ಹರಿಯುವಂತೆ ಕೂಗಿದ್ದು ನೆನಪಾದರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ. ಆ ಒಂದು ಮಾತಿನ ಮೇಲೆ ಒಬ್ಬ ಮನುಷ್ಯನ ಕೈ ಕಟ್ಟಿ ಹಿರೇಕೆರೂರಿನ ಪೊಲೀಸ್ ಫೌಜದಾರನ ಮುಂದೆ ನಿಲ್ಲಿಸಲು ಊರು ಸಿದ್ಧವಾಗಿತ್ತು. ಮಾತು ತಪ್ಪಾಗಿತ್ತು. ಅದು ತಪ್ಪೆಂದು ನಾನು ಎಷ್ಟು ಹೇಳಿದರೂ ಕೇಳುವ ಕಿವಿ ಅಲ್ಲಿ ಇರಲಿಲ್ಲ.

ನಾನು ಬೆಂಕಿ ಆರಿಸುವ ಕೆಲಸದವನು. ಮೂವತ್ತರ ದಶಕದ ಕೊನೆಯಲ್ಲಿ ಹೊಟ್ಟೆಪಾಡಿಗೆಂದು ಮುಂಬಯಿಗೆ ಹೋಗಿ ಅಲ್ಲಿಯ ಒಂದು ಅಗ್ನಿಶಾಮಕ ದಳ ಸೇರಿದೆ. ನಮ್ಮ ಕೆಂಪು ಗಾಡಿಗೆ ಅಲ್ಲಿಯ ಜನ ಬಂಬ ಎನ್ನುತ್ತಿದ್ದರು. ರಜೆಗೆ ಬಂದಾಗ ಅದನ್ನು ಊರಲ್ಲಿ ಬಾಯಿ ಬಿಟ್ಟಿದ್ದೇ ತಡ, ನನಗೆ ‘ಬಂಬಿನವ’ ಎಂಬ ಹೆಸರು ಅಂಟಿಕೊಂಡಿತು. “ಬಂಬಿನವ ಬಂದಾನ, ಒಲಿ ಆರಿಸ್ರವ್ವಾ” ಎಂದು ಓಣಿಯ ಹೆಂಗಸರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗುವ ಹಾಗೆ ಇದ್ದಾಗ ನಗುವುದಕ್ಕೆ ನನ್ನದೇನೂ ಅಡ್ಡಿಯಿಲ್ಲ.

ದಳದಲ್ಲಿ ನಮಗೆ ಕಲಿಸುತ್ತಿದ್ದವನು ಒಬ್ಬ ಮುದುಕ ಜಮಾದಾರ. ಮೊದಲ ದಿನ ಅವನು ಕೇಳಿದ್ದು, ಬೆಂಕಿ ಏನು ತಿನ್ನುತ್ತದೆ ಎಂದು. ಕಟ್ಟಿಗೆ, ಬಟ್ಟೆ, ಎಣ್ಣೆ ಎಂದು ನಾವು ಒಬ್ಬೊಬ್ಬರು ಒಂದೊಂದು ಹೇಳಿದೆವು. ಅವನು ಉರಿಯುವ ದೀಪದ ಮೇಲೆ ಗಾಜಿನ ಲೋಟ ಬೋರಲು ಹಾಕಿದ. ದೀಪ ಸಣ್ಣಗಾಗಿ ಆರಿತು. ಎಣ್ಣೆ ಹಾಗೇ ಇದೆ, ಬತ್ತಿ ಹಾಗೇ ಇದೆ, ಏನು ತೀರಿತು ಹೇಳಿ ಎಂದ. ನನಗೆ ತಟ್ಟನೆ ನಮ್ಮೂರ ಹಗೇವು ನೆನಪಾಯಿತು. ಜೋಳ ತುಂಬಿಡುವ ಆ ನೆಲದ ಗುಂಡಿಯ ಬಾಯಿ ತೆರೆದ ಮೇಲೆ ನಮ್ಮವರು ಮೊದಲು ಹಗ್ಗ ಕಟ್ಟಿ ಕಂದೀಲು ಇಳಿಬಿಡುತ್ತಿದ್ದರು. ಕಂದೀಲು ಆರಿದರೆ ಯಾರೂ ಇಳಿಯುವ ಹಾಗಿಲ್ಲ. ದೀಪ ಬದುಕುವ ಗಾಳಿಯಲ್ಲೇ ಮನುಷ್ಯನೂ ಬದುಕುವುದು. ಇದನ್ನು ನಾನು ಹೇಳಿದಾಗ ಜಮಾದಾರನಿಗೆ ಖುಷಿಯೋ ಖುಷಿ. ಉರಿಯುವ ವಸ್ತು, ಗಾಳಿ, ಕಾವು, ಈ ಮೂರೂ ಒಂದು ಕಡೆ ಕೂಡಿದರೆ ಬೆಂಕಿ. ಮೂರರಲ್ಲಿ ಒಂದನ್ನು ಕಿತ್ತುಕೊಂಡರೆ ಬೆಂಕಿ ಸತ್ತಿತು. ನಮ್ಮ ಕೆಲಸವೆಲ್ಲ ಇಷ್ಟೇ ಎಂದ.

ಮುಂದೆ ಬಂದರಿನ ಗೋದಾಮುಗಳಲ್ಲಿ ಹತ್ತಿಯ ಅಂಡಿಗೆಗಳು ಹೊತ್ತಿದಾಗ ಅದನ್ನು ಕಣ್ಣಾರೆ ಕಂಡೆ. ಒತ್ತಿ ಕಟ್ಟಿದ ಅಂಡಿಗೆಯ ಹೊಟ್ಟೆಯಲ್ಲಿ ಕೆಂಡ ಸದ್ದಿಲ್ಲದೆ ದಿನಗಟ್ಟಲೆ ಇರುತ್ತದೆ. ಹೊರಗಿನಿಂದ ನೋಡಿದರೆ ಬೆಳ್ಳಗೆ, ತಣ್ಣಗೆ. ಒಳಗೆ ಏನಿದೆ ಎಂದು ತಿಳಿಯಲು ಉದ್ದನೆಯ ಕಬ್ಬಿಣದ ಸಲಾಕೆಯನ್ನು ಚುಚ್ಚಿ, ಒಂದಿಷ್ಟು ಹೊತ್ತು ಬಿಟ್ಟು, ಎಳೆದು, ಹಿಂಗೈಯಿಂದ ಮುಟ್ಟಿ ನೋಡುತ್ತಿದ್ದೆವು. ನೀರಿನ ಪೈಪು ಕೈಯಲ್ಲಿ ಇಲ್ಲದೆ ಅಂಥ ಅಂಡಿಗೆ ಬಿಚ್ಚಿದವನಿಗೆ ಜಮಾದಾರ ಅಪ್ಪ ಅಮ್ಮನನ್ನೆಲ್ಲ ಸೇರಿಸಿ ಬೈಯುತ್ತಿದ್ದ. ಬಿಚ್ಚಿದೊಡನೆ ಒಳಗಿನ ಕೆಂಡಕ್ಕೆ ಗಾಳಿ ಸಿಗುತ್ತದೆ, ಅದು ಭುಗಿಲೆದ್ದು ಮುಖಕ್ಕೇ ಬರುತ್ತದೆ.

ಯುದ್ಧ ನಡೆಯುತ್ತಿದ್ದ ಒಂದು ವರ್ಷ, ಚಳಿಗಾಲದಲ್ಲಿ, ನನಗೆ ರಜೆ ಸಿಕ್ಕಿತು. ರಟ್ಟೀಹಳ್ಳಿಯಿಂದ ಹಿರೇಕೆರೂರಿಗೆ ಹೋಗುವ ದಾರಿಯಲ್ಲಿ ಒಂದು ಕಡೆ ಹೊರಳಿದರೆ ನಮ್ಮೂರು. ಅಪ್ಪ ನಾನು ಸಣ್ಣವನಿದ್ದಾಗಲೇ ತೀರಿಕೊಂಡಿದ್ದ. ಮನೆ, ಹೊಲ, ಎತ್ತು, ಆಳು ಎಲ್ಲ ದೊಡ್ಡಪ್ಪನ ಕೈಯಲ್ಲಿ. ಅವ್ವ ಅವನ ಮನೆಯಲ್ಲೇ ಇದ್ದು ಅಷ್ಟೂ ಜನಕ್ಕೆ ರೊಟ್ಟಿ ಬಡಿಯುತ್ತಿದ್ದಳು. ಆಗ ಚಿಮಣಿ ಎಣ್ಣೆ ರೇಷನ್ನಿನಲ್ಲಿ ಅಷ್ಟೋ ಇಷ್ಟೋ ಸಿಗುತ್ತಿದ್ದುದು. ದೊಡ್ಡಪ್ಪ ಅದನ್ನು ತನ್ನ ಖೋಲಿಯಲ್ಲಿ ಬೀಗ ಹಾಕಿ ಇಟ್ಟಿದ್ದ. ಹೊತ್ತು ಮುಳುಗುವುದರೊಳಗೆ ಅಡುಗೆ ಮುಗಿಸಬೇಕು, ಅಡುಗೆಮನೆಗೆ ದೀಪವಿಲ್ಲ ಎಂದು ಕಟ್ಟಪ್ಪಣೆ. ಮಬ್ಬಿನಲ್ಲಿ ರೊಟ್ಟಿ ತಿರುವಿಹಾಕಲು ಹೋಗಿ ಅವ್ವ ಬೆರಳು ಸುಟ್ಟುಕೊಂಡಿದ್ದಳು. ಬಂದ ದಿನವೇ ಅದನ್ನು ನೋಡಿ ನನಗೆ ಸಿಟ್ಟು ಬಂತು. “ಹೋಗ್ಲಿ ಬಿಡೋ ಯಪ್ಪಾ, ಹಿರ್ಯಾರು ಹೇಳಿದಂಗ ನಡೀಬೇಕು” ಎಂದು ಅವಳು ಸುಮ್ಮನಾಗಿಸಿದಳು.

ಹಿತ್ತಲಲ್ಲಿ ಎರಡು ಹೊಸ ಬಣವೆಗಳಿದ್ದವು. ಹೊಲದ ಬದುಗಳಲ್ಲಿ, ಗುಡ್ಡದ ಇಳಿಜಾರಿನಲ್ಲಿ ಬೆಳೆಯುವ ಕರಡದ ಹುಲ್ಲು, ದನಗಳಿಗೆ ವರ್ಷದ ಮೇವು. ಆ ಬಣವೆಗಳನ್ನು ಒಟ್ಟಿದ ಕಥೆಯನ್ನು ಅವ್ವ ನನಗೆ ಹೇಳಿದಳು. ನಾನು ಬರುವ ತಿಂಗಳ ಮೊದಲು, ಕೊಯ್ದ ಹುಲ್ಲು ಇನ್ನೂ ಅರ್ಧ ಹಸಿರಿದ್ದಾಗಲೇ ಕಾಲವಲ್ಲದ ಕಾಲದಲ್ಲಿ ಮಳೆ ಹೊಡೆಯಿತಂತೆ. ಮಳೆ ನಿಂತದ್ದು ಶನಿವಾರ. ನಾಲ್ಕು ದಿನ ಬಿಸಿಲಿಗೆ ಹರವಿ ಒಣಗಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮುಗಿಲು ಮತ್ತೆ ಕಪ್ಪಾಗುತ್ತಿತ್ತು, ಸೋಮವಾರ ನಮ್ಮ ಕಡೆ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ, ಮಂಗಳವಾರ ನೋಡಿದರೆ ಅಮಾವಾಸ್ಯೆ, ಅವತ್ತೂ ಗಾಡಿ ಹೂಡುವ ಹಾಗಿಲ್ಲ. ಎರಡು ದಿನ ಹುಲ್ಲು ಹೊಲದಲ್ಲೇ ಬಿದ್ದರೆ ಕೊಳೆತು ಹೋಗುತ್ತದೆ ಎಂದು ದೊಡ್ಡಪ್ಪ ಆದಿತ್ಯವಾರ ಒಂದೇ ದಿನದಲ್ಲಿ ಹಸಿ ಹುಲ್ಲನ್ನೆಲ್ಲ ಹೇರಿಸಿ ತರಿಸಿದ. ಮಳೆನೀರು ಒಳಗೆ ಇಳಿಯಬಾರದೆಂದು ಆಳುಗಳನ್ನು ಮೇಲೆ ಹತ್ತಿಸಿ ಗಟ್ಟಿಯಾಗಿ ತುಳಿಸಿ ಬಣವೆ ಒಟ್ಟಿಸಿದ.

ಸೋಮವಾರ ಎತ್ತುಗಳು ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು ನೆರಳಲ್ಲಿ ಮಲಗಿದವು. ಹಿಂದಿನ ದಿನ ಅವುಗಳ ಜೊತೆ ಸಮಸಮನಾಗಿ ದುಡಿದ ಆಳನ್ನು ಮಾತ್ರ ಬೆಳಿಗ್ಗೆಯೇ ಕರೆಸಿ, ಬಣವೆಯ ತಲೆಗೆ ಮಣ್ಣು ಮೆತ್ತಿಸಿದರು. ಎತ್ತಿಗೆ ಬಿಡುವು ಕೊಡುವ ಧರ್ಮ ಮನುಷ್ಯನ ಹತ್ತಿರ ಬಂದಾಗ ಎಲ್ಲಿಗೆ ಹೋಗುತ್ತದೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆ ಆಳು ಊರ ಹೊರಗಿನ ಕೇರಿಯವನು, ಎಂದರೆ ನಮ್ಮವರು ಬಾವಿ ಮುಟ್ಟಗೊಡದೆ ದೂರ ಇಟ್ಟವರ ಪೈಕಿ. ವಯಸ್ಸು ನನ್ನಷ್ಟೇ. ಅವನ ಅಪ್ಪನೂ ನಮ್ಮ ಮನೆಯಲ್ಲೇ ದುಡಿದು ಸತ್ತವನು. ನಮ್ಮ ಹಿತ್ತಲಿನ ಬೇಲಿ ದಾಟಿದರೆ ಅವರ ಗುಡಿಸಲು. ಬೇಲಿಯ ಈಚೆ ಸಿಹಿನೀರಿನ ಬಾವಿ, ಅದರ ಆಚೆಗೊಂದು ಈಚೆಗೊಂದು ಬಣವೆ. ಕೇರಿಯ ಹೆಂಗಸರು ಖಾಲಿ ಕೊಡ ಹಿಡಿದು ಬಾವಿಯಿಂದ ದೂರ ನಿಂತು, “ನೀರು ಹಾಕ್ರೀ ಯವ್ವಾ” ಎಂದು ಕರೆಯಬೇಕು. ನೀರಿಗೆ ಬಂದ ಯಾರಾದರೂ ಮನಸ್ಸು ಮಾಡಿ ಮೇಲಿಂದ ಸುರಿಯಬೇಕು. ಆ ಬೇಸಿಗೆಯಲ್ಲಿ ಅವನ ಹೆಂಡತಿ ಬಿಸಿಲಲ್ಲಿ ನಿಂತು ನಿಂತು ಸಾಕಾಗಿ, “ನೀರು ನಿಮ್ಮಪ್ಪ ಇಳಿಸಿದ್ದೇನ್ರಿ?” ಎಂದುಬಿಟ್ಟಿದ್ದಳಂತೆ. ಊರು ಅದನ್ನು ಮರೆತಿರಲಿಲ್ಲ.

ನಾನು ಬಂದ ಮಾರನೆಯ ದಿನ ಹಿತ್ತಲಿಗೆ ಹೋದಾಗ ಬೆಲ್ಲದ ಪಾಕ ಸೀದಂಥ ವಾಸನೆ ಬಂತು. ಆಲೆಮನೆಯ ಕಾಲ, ಯಾರದೋ ಗಾಣದಿಂದ ಬಂದಿರಬೇಕು ಎಂದುಕೊಂಡೆ. ಮಧ್ಯಾಹ್ನ ಗಂಡಸರೆಲ್ಲ ರಟ್ಟೀಹಳ್ಳಿಯ ಸಂತೆಗೆ ಹೋಗಿದ್ದರು. ನಾನು ಊಟ ಮಾಡಿ ಕೈ ತೊಳೆಯುತ್ತಿದ್ದೆ. ಹಿತ್ತಲಿನಿಂದ ಕೂಗು ಕೇಳಿತು.

“ಯಾರರ ಬರ್ರೀ! ನೀರು ಸೇದ್ರೀ! ಬಣವಿ ಹತ್ತೈತ್ರೀ!”

ಓಡಿ ಹೋದೆ. ಆಚೆಯ ಬಣವೆಯ ನೆತ್ತಿಯೇ ಒಳಕ್ಕೆ ಕುಸಿದು, ಆ ತೂತಿನಿಂದ ಉರಿ ಎದ್ದಿತ್ತು. ಆ ಆಳು, ಅವನ ಹೆಂಡತಿ, ಕೇರಿಯ ಇನ್ನೂ ಕೆಲವರು ಬರಿಗೈಯಲ್ಲಿ, ಬುಟ್ಟಿಯಲ್ಲಿ ಮಣ್ಣು ತೋಡಿ ತೋಡಿ ಎಸೆಯುತ್ತಿದ್ದರು. ಅವರ ಪಕ್ಕದಲ್ಲೇ ಬಾವಿ. ಗಡಗಡಿಯ ಮೇಲೆ ಹಗ್ಗ ಇದೆ, ಹಗ್ಗದ ತುದಿಗೆ ಕೊಡ ಇದೆ, ಬಾವಿಯ ತುಂಬ ನೀರಿದೆ. ಅಷ್ಟು ಜನರ ಅಷ್ಟು ಕೈಗಳಿವೆ. ಆದರೂ ಅವರು ಬಾವಿಯತ್ತ ಬೆನ್ನು ಮಾಡಿ ಮಣ್ಣು ತೋಡುತ್ತ, ಮುಟ್ಟಬಹುದಾದ ಒಬ್ಬ ಮನುಷ್ಯ ಬರಲಿ ಎಂದು ಗಂಟಲು ಕಿತ್ತುಕೊಳ್ಳುತ್ತಿದ್ದರು. ಎಷ್ಟೋ ಬೆಂಕಿಗಳನ್ನು ಕಂಡಿದ್ದೇನೆ. ಅವತ್ತಿನಷ್ಟು ನಾಚಿಕೆ ನನಗೆ ಯಾವ ಬೆಂಕಿಯ ಮುಂದೆಯೂ ಆಗಿಲ್ಲ.

ನಾನು ಒಬ್ಬನೇ ಸೇದತೊಡಗಿದೆ. ಒಬ್ಬ ಸೇದುವ ನೀರಿಗೆ ಬಣವೆಯ ಬೆಂಕಿ ಆರುವುದುಂಟೆ? “ಹಗ್ಗ ಹಿಡೀರೋ!” ಎಂದು ಕಿರುಚಿದೆ. ಯಾರೂ ಅಲುಗಲಿಲ್ಲ. ಆಳು ನನ್ನ ಮುಖ ನೋಡಿದ.

“ಬ್ಯಾಡ್ರಿ ಸಣ್ಣ ಧಣ್ಯಾರ. ನಾಳಿ ನೀವು ಬೊಂಬಾಯಿಗೆ ಹೋಗ್ತೀರಿ. ನಾವು ಇಲ್ಲೇ ಇರಬೇಕು.”

ನಾನು ಮತ್ತೆ ಕೊಡ ಇಳಿಬಿಟ್ಟೆ. ಬುಡದ ಅಂಚಷ್ಟನ್ನು ಬಿಟ್ಟು ಬಣವೆ ಉರಿದು ಕೂತಿತು. ಗಾಳಿ ಆಚೆ ಕಡೆಗಿದ್ದುದರಿಂದ ಈಚೆಯ ಬಣವೆ ಮತ್ತು ಅದಕ್ಕೆ ಅಂಟಿದ ದನದ ಕೊಟ್ಟಿಗೆ ಉಳಿದವು.

ಸಂಜೆ ದೊಡ್ಡಪ್ಪ ಸಂತೆಯಿಂದ ಬಂದವನು ಬೂದಿಯನ್ನು ನೋಡಿ ಮೊದಲು ಕೇಳಿದ್ದು, “ಯಾರು ಹಚ್ಚಿದ್ರು?” ಹೇಗೆ ಹತ್ತಿತು ಎಂದಲ್ಲ, ಯಾರು ಹಚ್ಚಿದರು ಎಂದು. ಎಲ್ಲರಿಗಿಂತ ಮೊದಲು ಬಂದವನು ಆ ಆಳು ಎಂದು ಗೊತ್ತಾದೊಡನೆ ಅವನಿಗೆ ಉತ್ತರ ಸಿಕ್ಕಿತು. ಬೆಂಕಿ ಆರಿಸಲು ಓಡಿ ಬಂದದ್ದೇ ಬೆಂಕಿ ಹಚ್ಚಿದ್ದಕ್ಕೆ ಸಾಕ್ಷಿಯಾಯಿತು. ಬೇಸಿಗೆಯಲ್ಲಿ ಹೆಂಡತಿ ಆಡಿದ ಮಾತು ಕಾರಣವಾಯಿತು. ಹತ್ತಿರ ಬಾವಿ ಇದ್ದೂ ನೀರು ಹಾಕಲಿಲ್ಲ ನೋಡಿ ಎಂದು ಒಬ್ಬ ಮಹಾನುಭಾವ ಸೇರಿಸಿದ! ಅದನ್ನು ಕೇಳಿ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಅವ್ವ ನನ್ನ ಅಂಗಿಯ ತುದಿ ಹಿಡಿದಿದ್ದಳು.

ಮರುದಿನ ಬೆಳಿಗ್ಗೆ ಆಳನ್ನು ಚಾವಡಿಯ ಕಂಬಕ್ಕೆ ಕಟ್ಟಿದ್ದರು. ಊರ ಗೌಡ ಕಟ್ಟೆಯ ಮೇಲೆ, ದೊಡ್ಡಪ್ಪ ಅವನ ಪಕ್ಕದಲ್ಲಿ. ಆಳಿನ ಹೆಂಡತಿ ದೂರ ಧೂಳಲ್ಲಿ ಕೂತಿದ್ದಳು. ಮಧ್ಯಾಹ್ನಕ್ಕೆ ಹಿರೇಕೆರೂರಿಗೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿತ್ತು. ಫೌಜದಾರನ ಕೈಗೆ ಸಿಕ್ಕ ಕೇರಿಯವನು ಹೇಗೆ ಹಿಂದಿರುಗುತ್ತಾನೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

“ನಾ ಹಚ್ಚಿಲ್ರಿ,” ಎಂದು ಅವನು ಒಂದೇ ಮಾತು ಹೇಳುತ್ತಿದ್ದ. “ನಿಮ್ಮ ಮನ್ಯಾಗ ಹುಟ್ಟಿ ಬೆಳದಾಂವ ನಾ. ಹಚ್ಚಿಲ್ರಿ.”

ನಾನು ಎದ್ದು ನಿಂತು, “ಬಣವಿ ತಾನ ಹತ್ತೈತ್ರಿ, ಗೌಡ್ರ” ಎಂದೆ. ಜನ ಗೊಳ್ಳೆಂದು ನಕ್ಕರು.

“ಹುಲ್ಲು ಹಸಿ ಇತ್ತಲೇ ತಮ್ಮಾ,” ದೊಡ್ಡಪ್ಪ ಗಂಟಲು ಏರಿಸಿದ. “ನಾನ ನಿಂತು ಒಟ್ಟಿಸೇನಿ. ಹಸಿ ಹುಲ್ಲಿಗೆ ಬೆಂಕಿ ಹತ್ತತೈತೇನು? ಹಸೀದು ಹತ್ತಂಗಿಲ್ಲ ಅನ್ನೂದು ಕೂಸಿಗೂ ಗೊತ್ತೈತಿ. ಅಂದ ಮ್ಯಾಲ ಯಾವನೋ ಒಣಾ ಪೆಂಡಿ ತುರುಕಿ ಹಚ್ಚ್ಯಾನ.”

“ಹಸಿ ಇದ್ದದ್ದಕ್ಕ ಹತ್ತೈತ್ರಿ ದೊಡ್ಡಪ್ಪ. ಚಳಿಗಾಲದಾಗ ತಿಪ್ಪಿ ಮ್ಯಾಲ ನಾಯಿ ಯಾಕ ಮಕ್ಕೋತೈತಿ, ಹೇಳ್ರಿ.”

“ಬೆಚ್ಚಗ ಇರತೈತಿ, ಮಕ್ಕೋತೈತಿ.”

“ತಿಪ್ಪಿಗೆ ಬೆಂಕಿ ಯಾರು ಹಚ್ಯಾರ್ರಿ?”

ನಗು ನಿಂತಿತು. ಗೌಡ ಕಣ್ಣು ಕಿರಿದು ಮಾಡಿ ನನ್ನ ಕಡೆ ನೋಡಿದ. ನಾನು ಬಿಡಲಿಲ್ಲ. ಹಸಿ ಹುಲ್ಲು ಕೊಳೆಯಲು ಶುರುವಾದರೆ ಒಳಗೆ ಕಾವು ಹುಟ್ಟುತ್ತದೆ. ಹರವಿದ ಹುಲ್ಲಿನ ಕಾವು ಗಾಳಿಗೆ ಹಾರಿಹೋಗುತ್ತದೆ. ತುಳಿದು ಒಟ್ಟಿದ ಬಣವೆಯಲ್ಲಿ ಅದು ಹೋಗುವುದೆಲ್ಲಿಗೆ? ಸುತ್ತಲ ಹುಲ್ಲೇ ಕಂಬಳಿ ಹೊದಿಸಿದಂತೆ ಅದನ್ನು ಹಿಡಿದಿಡುತ್ತದೆ. ಕಾವು ಏರುತ್ತಾ ಏರುತ್ತಾ ನಡುವಿನ ಹುಲ್ಲಿನ ಪಸೆಯೆಲ್ಲ ಆವಿಯಾಗಿ ಹೋಗಿ ಅದು ಒಣಗುತ್ತದೆ, ಕಪ್ಪಾಗುತ್ತದೆ, ಬೆಲ್ಲ ಸೀದ ವಾಸನೆ ಬರುತ್ತದೆ. ಆಮೇಲೆ ಕೆಂಡ. ಕೆಂಡ ಮೇಲಕ್ಕೆ ತಿನ್ನುತ್ತಾ ಬಂದು ನೆತ್ತಿ ಕುಸಿದಾಗ ಹೊರಗಿನ ಗಾಳಿ ಸಿಕ್ಕಿ ಉರಿಯಾಗುತ್ತದೆ. ಇದನ್ನೆಲ್ಲ ಹೇಳಿದೆ. ಹೊರಗಿನಿಂದ ಹಚ್ಚಿದ್ದರೆ ಬುಡ ಮೊದಲು ಸುಡಬೇಕಿತ್ತು. ಹೋಗಿ ನೋಡಿ, ಬೇಲಿಯ ಕಡೆಯ ಬುಡದ ಹುಲ್ಲು ಇನ್ನೂ ಹಳದಿಯಾಗಿಯೇ ಇದೆ, ನಡುವೆ ಮಾತ್ರ ಇದ್ದಿಲಾಗಿದೆ ಎಂದೂ ಹೇಳಿದೆ.

“ಬಣವಿ ಬಸರಾಗಿ ಬೆಂಕಿ ಹಡದೈತಿ ಅಂತೀಯೇನು?” ಎಂದು ದೊಡ್ಡಪ್ಪ ಹೇಳಿ ಮತ್ತೆ ಎಲ್ಲರನ್ನೂ ನಗಿಸಿದ.

ಆ ನಗುವಿಗೆ ನನ್ನ ತಾಳ್ಮೆ ಹರಿಯಿತು. ಕಂಬಕ್ಕೆ ಕಟ್ಟಿದವನೊಬ್ಬ ಎದುರಿಗಿದ್ದಾನೆ, ಅವನ ಹೆಂಡತಿ ಧೂಳಲ್ಲಿ ಕೂತಿದ್ದಾಳೆ, ಇವರಿಗೆ ನಗು. “ಅವತ್ತ ಒಟ್ಟಿದ ಇನ್ನೊಂದು ಬಣವಿ ನಿಂತೈತಲ್ರಿ?” ಎಂದೆ. “ಅದ ಹುಲ್ಲು, ಅದ ಮಳಿ, ಅದ ಆದಿತ್ಯವಾರ. ಒಂದು ಹಾರಿ ತರಸ್ರಿ. ಬಣವಿ ಹೊಟ್ಟ್ಯಾಗ ಚುಚ್ಚಿ ತಗೀತೇನಿ. ತಣ್ಣಗಿದ್ರ ಅಂವನ ಜೋಡಿ ನನ್ನೂ ಹಿರೇಕೆರೂರಿಗೆ ಕಳಸ್ರಿ.”

ಗೌಡನಿಗೆ ಇದು ಹಿಡಿಸಿತು. ಪುಕ್ಕಟೆ ಆಟ ಯಾರಿಗೆ ಬೇಡ? ಇಡೀ ಚಾವಡಿ ಎದ್ದು ನಮ್ಮ ಹಿತ್ತಲಿಗೆ ಬಂತು. ಆಳನ್ನೂ ಕಟ್ಟಿದ ಕೈಯಲ್ಲೇ ಕರೆತಂದರು. ಕೇರಿಯವರು ಬೇಲಿಯ ಆಚೆ ನಿಂತರು.

ಕಬ್ಬಿಣದ ಹಾರಿ ತಂದರು, ನೆಲ ಅಗೆಯುವಾಗ ಬಳಸುವ ಉದ್ದನೆಯದು. ನಾನು ಬಣವೆಯ ಪಕ್ಕೆಯಲ್ಲಿ ಅದನ್ನು ಹಿಡಿಕೆಯಷ್ಟು ಮಾತ್ರ ಹೊರಗುಳಿಯುವಂತೆ ಚುಚ್ಚಿದೆ. ಕಾಯಬೇಕು ಎಂದೆ. ಜನ ಎಲೆ ಅಡಿಕೆ ಹಾಕಿಕೊಂಡರು, ಮುಂಬಯಿಯ ಮೇಲೆ ಜಪಾನಿನವರು ಬಾಂಬು ಹಾಕುತ್ತಾರೋ ಇಲ್ಲವೋ ಎಂದು ನನ್ನನ್ನೇ ಕೇಳಿದರು. ಕಟ್ಟಿದ ಕೈಯ ಮನುಷ್ಯ ಮಾತ್ರ ಹಾರಿಯ ಮೇಲಿಂದ ಕಣ್ಣು ಕೀಳಲಿಲ್ಲ. ಎಳೆದೆ. ಹಿಂಗೈ ಹತ್ತಿರ ತಂದೊಡನೆ ಗೊತ್ತಾಯಿತು. “ಮುಟ್ಟಬ್ಯಾಡ್ರಿ, ಹತ್ತಿರ ಹಿಡದು ನೋಡ್ರಿ ಸಾಕು” ಎಂದೆ. ದೊಡ್ಡಪ್ಪ ಕೇಳುವವನೇ? ತಣ್ಣಗಿದೆ ಎಂದು ಊರಿಗೆಲ್ಲ ತೋರಿಸಲು ಮುಷ್ಟಿ ಕಟ್ಟಿ ಹಿಡಿದ. ಹಿಡಿದವನು “ಹಾ!” ಎಂದು ಹಾರಿಯನ್ನು ಎಸೆದು ಅಂಗೈಯನ್ನು ಕಂಕುಳಲ್ಲಿ ಇಟ್ಟುಕೊಂಡ.

ಯಾರೂ ನಗಲಿಲ್ಲ. ನನಗೆ ನಗು ಬಂತು, ನಿಜ ಹೇಳಬೇಕು.

“ಬಿಸಲಿಗೆ ಕಾದೈತಿ,” ಎಂದ ದೊಡ್ಡಪ್ಪ.

“ಹುಲ್ಲಿನೊಳಗ ಬಿಸಲು ಹೊಕ್ಕಿತ್ತೇನ್ರಿ?” ಎಂದದ್ದು ಗೌಡ.

ಇಷ್ಟಾದರೂ ದೊಡ್ಡಪ್ಪನಿಗೆ ಸೋಲಲು ಮನಸ್ಸಿಲ್ಲ. ಒಳಗೆ ಬೆಂಕಿಯಿಲ್ಲ, ಕಿತ್ತು ತೋರಿಸುತ್ತೇನೆ ಎಂದು ಆಳುಗಳಿಗೆ ಕೊಕ್ಕೆ ಹಾಕಲು ಹೇಳಿದ. ನಾನು “ನೀರು ಮೊದಲ ತರಸ್ರಿ! ನೀರಿಲ್ಲದ ಬಿಚ್ಚಬ್ಯಾಡ್ರಿ! ಗಾಳಿ ಹೊಕ್ಕರ ಭುಗ್ಗಂತ ಏಳತೈತಿ!” ಎಂದು ಅಡ್ಡ ನಿಂತೆ. ನನ್ನನ್ನು ಸರಿಸಿದರು. ಹಾರಿ ಹೊಕ್ಕ ಜಾಗದಲ್ಲಿ ಕೊಕ್ಕೆ ಹಾಕಿ ಜಗ್ಗಿದರು. ಮೊದಲು ಹೊರಗಿನ ಹುಲ್ಲು ಬಂತು, ಆಮೇಲೆ ಬಿಳಿಯ ಆವಿ, ಆಮೇಲೆ ಕಂದು ಬಣ್ಣದ ದಪ್ಪ ಹೊಗೆ. ಹೊಗೆ ಎಂದರೆ ಸುಟ್ಟು ಮುಗಿದದ್ದು ಎಂದು ಜನ ತಿಳಿಯುತ್ತಾರೆ. ಹಾಗಲ್ಲ, ಅದು ಗಾಳಿ ಸಾಲದೆ ಉರಿಯದೆ ಉಳಿದ ಭಾಗ. ನಮ್ಮ ಕಣ್ಣೆದುರಿಗೆ ಆ ಹೊಗೆಗೇ ಉರಿ ಹತ್ತಿತು. ಕೊಕ್ಕೆ ಹಿಡಿದವರು ಹಿಂದಕ್ಕೆ ಬಿದ್ದರು. ಗಾಳಿ ಅವತ್ತು ಕೊಟ್ಟಿಗೆಯ ಕಡೆಗಿತ್ತು. ಒಳಗೆ ಕಟ್ಟಿದ್ದ ಎತ್ತುಗಳು ಒದರತೊಡಗಿದವು.

“ನೀರು! ನೀರು!” ಈಗ ಕೂಗಿದವನು ದೊಡ್ಡಪ್ಪ.

ಬಾವಿಯಿಂದ ಬಣವೆಗೆ ಸಾಲು ನಿಲ್ಲಬೇಕು, ಕೊಡ ಕೈಯಿಂದ ಕೈಗೆ ಹೋಗಬೇಕು, ಎಂದು ನಾನು ಜನರನ್ನು ಹಿಡಿದು ಹಿಡಿದು ನಿಲ್ಲಿಸಿದೆ. ನೀರು ಮಾಡುವ ಕೆಲಸ ಬೆಂಕಿಯ ಕಾವನ್ನು ಕಸಿಯುವುದು. ಬಿಟ್ಟು ಬಿಟ್ಟು ಸುರಿದರೆ ಆ ಬಿಡುವಿನಲ್ಲಿ ಕಾವು ಮತ್ತೆ ಏರುತ್ತದೆ. ಊರವರ ಸಾಲು ಅರ್ಧಕ್ಕೇ ಮುಗಿಯಿತು. ಕೇರಿಯ ಜನ, ಗಂಡಸರು ಹೆಂಗಸರು, ಬೇಲಿಯ ಆಚೆ ಕೈ ಕೆಳಗೆ ಬಿಟ್ಟು ನಿಂತಿದ್ದರು. ದೊಡ್ಡಪ್ಪ ಅವರತ್ತ ತಿರುಗಿ, “ಏನ್ ನೋಡಾಕತ್ತೀರಲೇ, ಬರ್ರಿ!” ಎಂದ.

ನಾನು ಅಷ್ಟರಲ್ಲಿ ಆಳಿನ ಕೈಯ ಹಗ್ಗ ಬಿಚ್ಚಿದ್ದೆ. ಅವನು ಮಣಿಕಟ್ಟು ತಿಕ್ಕಿಕೊಳ್ಳುತ್ತಾ ಬಾವಿಯ ಹತ್ತಿರ ಬಂದು ನಿಂತ. ಮುಟ್ಟಲಿಲ್ಲ.

“ಮುಟ್ಟು ಅನ್ರಿ, ಧಣ್ಯಾರ.”

“ಸೇದಲೇ!” ದೊಡ್ಡಪ್ಪ ಗದರಿದ.

“ಮುಟ್ಟು ಅನ್ರಿ. ಎಲ್ಲಾರೂ ಕೇಳಲಿ.”

ಕೊಟ್ಟಿಗೆಯ ಮಾಡಿನ ಅಂಚಿಗೆ ಕಿಡಿಗಳು ಬೀಳುತ್ತಿದ್ದವು. ದೊಡ್ಡಪ್ಪ ಎತ್ತುಗಳ ಕಡೆ ನೋಡಿದ, ಗೌಡನ ಕಡೆ ನೋಡಿದ. ಗೌಡ ನೆಲ ನೋಡಿದ.

“ಮುಟ್ಟು,” ಎಂದ ದೊಡ್ಡಪ್ಪ.

ಆಮೇಲೆ ನಡೆದದ್ದನ್ನು ಮುಂಬಯಿಯ ಜಮಾದಾರ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ. ಗಡಗಡಿಯ ಹಗ್ಗಕ್ಕೆ ಅವನ ಹೆಂಡತಿ ನಿಂತಳು. ಸೇದುವುದನ್ನು ದೂರದಿಂದ ನೋಡುತ್ತ ಬೆಳೆದವಳು, ಹಗ್ಗ ಹಿಡಿದದ್ದು ಅದೇ ಮೊದಲು, ಕೈ ಬಿಡದೆ ಸೇದಿದಳು. ಕೊಡಗಳು ಆ ಕೈ ಈ ಕೈ ಎನ್ನದೆ ಓಡಿದವು. ಕೊಟ್ಟಿಗೆಯ ಮಾಡನ್ನು ತೋಯಿಸಿದೆವು, ಎತ್ತುಗಳನ್ನು ಬಿಟ್ಟು ಹೊರಗೆ ಹೊಡೆದೆವು, ಬಣವೆಯನ್ನು ಸ್ವಲ್ಪ ಸ್ವಲ್ಪವೇ ಎಳೆದು, ಹರವಿ, ನೀರು ಸುರಿದು ತಣ್ಣಗೆ ಮಾಡಿದೆವು. ಅರ್ಧ ಬಣವೆ ಉಳಿಯಿತು. ಎತ್ತಿನ ಒಂದು ಕೂದಲೂ ಸುಡಲಿಲ್ಲ.

ಎಲ್ಲ ಮುಗಿದ ಮೇಲೆ ಗೌಡ ಬಾವಿಕಟ್ಟೆಯ ಮೇಲೆ ಕೂತು ಬೆವರು ಒರೆಸಿಕೊಂಡು ತೀರ್ಪು ಕೊಟ್ಟ. “ಆತು. ಈ ಸಲ ಅಂವಗ ಮಾಫಿ.”

ಮಾಫಿಯಂತೆ! ಯಾವ ತಪ್ಪಿಗೆ? ಕಣ್ಣ ಮುಂದೆ ಬಣವೆ ತಾನಾಗಿ ಉರಿದಿದೆ, ಹಾರಿ ಹಿಡಿದವನ ಕೈಯಲ್ಲಿ ಬೊಬ್ಬೆ ಎದ್ದಿದೆ, ಇನ್ನೂ ಇವರು ಕ್ಷಮಿಸುವವರು, ಅವನು ಕ್ಷಮಿಸಿಕೊಳ್ಳುವವನು. ನಾನು ಬಾಯಿ ತೆರೆಯುವುದರೊಳಗೆ ಅವನೇ ಮಾತಾಡಿದ. ಗೌಡನಿಗಲ್ಲ, ದೊಡ್ಡಪ್ಪನಿಗೆ.

“ಮಾಫಿ ನಾ ಕೇಳಿಲ್ರಿ. ನಮ್ಮಪ್ಪ ನಿಮ್ಮ ಮನ್ಯಾಗ ದುಡದು ಸತ್ತ. ನಾನೂ ದುಡಿಯಾಕತ್ತೇನಿ. ನಾ ಹಚ್ಚಿಲ್ಲ ಅಂದ್ರ ನೀವು ನಂಬಲಿಲ್ಲ. ಹಾರಿ ಹೇಳಿದ್ದನ್ನ ನಂಬಿದ್ರಿ.”

ಅವನು ಹೆಂಡತಿಯನ್ನು ಕರೆದುಕೊಂಡು ಬೇಲಿ ದಾಟಿ ಹೋದ. ಆಮೇಲೆ ನಮ್ಮ ಮನೆಯ ಕೆಲಸಕ್ಕೆ ಅವನು ಬರಲಿಲ್ಲ, ಚಿಕ್ಕೇರೂರಿನ ಕಡೆ ಯಾರದೋ ಹೊಲಕ್ಕೆ ಹೋಗತೊಡಗಿದ ಎಂದು ಕೇಳಿದೆ.

ಮಾರನೆಯ ದಿನ ಸೋಮವಾರ. ಎತ್ತುಗಳಿಗೆ ವಿಶ್ರಾಂತಿ. ಬೆಳಿಗ್ಗೆ ದೊಡ್ಡಪ್ಪ ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡು ಬಾವಿಯ ಶುದ್ಧಿ ಮಾಡಿಸಿದ. ಒಂದಿಷ್ಟು ನೀರು ಸೇದಿ ಚೆಲ್ಲಿಸಿದರು, ಗೋಮೂತ್ರ ಹಾಕಿದರು, ಕಟ್ಟೆಗೆ ಅರಿಸಿನ ಕುಂಕುಮ ಹಚ್ಚಿದರು. ಹಿಂದಿನ ದಿನ ಎಲ್ಲರ ಎದುರಿಗೆ ಮುಟ್ಟು ಎಂದ ಬಾಯಲ್ಲೇ ಮಂತ್ರ ಹೇಳಿದ. ಗಡಗಡಿಯ ಹಗ್ಗ ಬಿಚ್ಚಿಸಿದ. ಹೊಸ ಹಗ್ಗ ತರಲು ರಟ್ಟೀಹಳ್ಳಿಗೆ ಇನ್ನೊಬ್ಬ ಆಳು ಹೋಗಿದ್ದ, ಸೋಮವಾರ ಗಾಡಿ ಇಲ್ಲದ್ದರಿಂದ ನಡೆದುಕೊಂಡು. ಹಳೆಯ ಹಗ್ಗವನ್ನು ಸುಡಬೇಕೆಂದು ಹಿತ್ತಲಲ್ಲಿ ಹಾಕಿದರು.

ಅದಕ್ಕೆ ಬೆಂಕಿ ಹತ್ತಲಿಲ್ಲ. ಇಡೀ ದಿನ ನೀರಲ್ಲಿ ನೆನೆದ ಹಗ್ಗ. ಬಯಲಲ್ಲಿ ಬಿದ್ದ ಹಸಿ ಹಗ್ಗಕ್ಕೆ ಎಷ್ಟು ಕಾವು ಕೊಟ್ಟರೂ ಅದು ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಉಳಿದದ್ದನ್ನು ಗಾಳಿ ಒಯ್ಯುತ್ತದೆ. ಕಡ್ಡಿ ಗೀರಿದ ಮೇಲೆ ಕಡ್ಡಿ ಗೀರಿದರು. ಬರೀ ಹೊಗೆ. ದೊಡ್ಡಪ್ಪನಿಗೆ ನನ್ನ ನೆನಪಾಯಿತು.

“ಬಂಬಿನವ, ನಿನಗ ಗೊತ್ತಿರತೈತಿ ನೋಡು. ಇದು ಹೆಂಗ ಹತ್ತತೈತಿ?”

“ಹಸೀದು ಹತ್ತಂಗಿಲ್ಲ ಅನ್ನೂದು ಕೂಸಿಗೂ ಗೊತ್ತೈತ್ರಿ ದೊಡ್ಡಪ್ಪ,” ಎಂದೆ.

ಅವನು ಹಲ್ಲು ಕಚ್ಚಿದ. ಅಷ್ಟರಲ್ಲಿ ಅವಳು ಬಂದಳು, ನಿನ್ನೆ ಹಗ್ಗ ಸೇದಿದವಳು, ಖಾಲಿ ಕೊಡ ಹಿಡಿದುಕೊಂಡು. ಎಂದಿನಂತೆ ದೂರ ನಿಂತಳು. ನೀರು ಹಾಕಿ ಎಂದು ಕೇಳಲು ಬಾವಿಗೆ ಹಗ್ಗವೇ ಇಲ್ಲ. ನೆಲದ ಮೇಲೆ ಹೊಗೆಯಾಡುವ ಹಗ್ಗವನ್ನು ಒಂದಿಷ್ಟು ಹೊತ್ತು ನೋಡಿದಳು.

“ಸುಡಬ್ಯಾಡ್ರಿ ಧಣ್ಯಾರ, ಛಲೋ ಹಗ್ಗ ಐತಿ. ನಮಗರ ಕೊಡ್ರಿ,” ಎಂದಳು. “ನಮ್ಮ ಕೈ ಮೈಲಿಗಿ ನಮಗ ಹತ್ತಂಗಿಲ್ಲ.”

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಸುಟ್ಟ ಬೆರಳಿಗೆ ಚಿಂದಿ ಸುತ್ತಿಕೊಂಡು. ದೊಡ್ಡಪ್ಪ ಒಳಗೆ ಹೋಗಿ ಖೋಲಿಯ ಬೀಗ ತೆಗೆದು ಚಿಮಣಿ ಎಣ್ಣೆಯ ಬಾಟಲಿ ತಂದ. ಇದ್ದಷ್ಟನ್ನೂ ಹಗ್ಗದ ಮೇಲೆ ಸುರಿದು ಕಡ್ಡಿ ಗೀರಿದ.